ತನ್ನ ದಿನಚರಿಯನ್ನು ತಾನೇ ಬರೆಯುವ ಯಂತ್ರ

1997ರ ಜುಲೈ 4ರಂದು ಅಮೆರಿಕದ ‘ಮಾರ್ಸ್ ಪಾಥ್‌ಫೈಂಡರ್’ ನೌಕೆ ಗಾಳಿಚೀಲಗಳ ಮೇಲೆ ಪುಟಿಯುತ್ತ ಮಂಗಳ ಗ್ರಹದ ನೆಲ ಮುಟ್ಟಿತು. ಅದರ ಒಡಲಿನಿಂದ ‘ಸೋಜರ್ನರ್’ ಎಂಬ ಆರು ಗಾಲಿಯ ಪುಟ್ಟ ಬಂಡಿ ಕೆಳಗಿಳಿದು ಕೆಂಪು ಮಣ್ಣಿನ ಮೇಲೆ ಓಡಾಡಿತು. ಆ ಚಿತ್ರಗಳನ್ನು ಕಂಡು ಜಗತ್ತೆಲ್ಲ ಹಿಗ್ಗಿತು. ಆದರೆ ಆ ಸಂಭ್ರಮದ ನಡುವೆಯೇ ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಎಂಜಿನಿಯರುಗಳಿಗೆ ನಿದ್ದೆ ಕೆಡಿಸುವ ಸಂಗತಿಯೊಂದು ನಡೆಯತೊಡಗಿತ್ತು. ಹವಾಮಾನದ ಅಳತೆಗಳನ್ನು ಸಂಗ್ರಹಿಸಲು ತೊಡಗಿದ ಸ್ವಲ್ಪ ದಿನಗಳಲ್ಲೇ ನೌಕೆಯ ಗಣಕ ಇದ್ದಕ್ಕಿದ್ದಂತೆ ಎಲ್ಲ ಕೆಲಸ ಕೈಬಿಟ್ಟು ಮತ್ತೆ ಮೊದಲಿನಿಂದ ಶುರುಮಾಡಿಕೊಳ್ಳುತ್ತಿತ್ತು. ಹಾಗಾದಾಗಲೆಲ್ಲ ಆ ದಿನದ ಉಳಿದ ಕೆಲಸ ಮರುದಿನಕ್ಕೆ ಬೀಳುತ್ತಿತ್ತು.

ಕೆಟ್ಟ ಯಂತ್ರ ಸುಮಾರು 19 ಕೋಟಿ ಕಿಲೋಮೀಟರ್ ದೂರದಲ್ಲಿದೆ. ಬಿಚ್ಚಿ ನೋಡುವಂತಿಲ್ಲ, ಪಕ್ಕದಲ್ಲಿ ಕುಳಿತು ಕಾಯುವಂತಿಲ್ಲ. ಗಣಕ ಮರುಹುಟ್ಟು ಪಡೆದ ಮೇಲೆ ಅದರ ಸ್ಮರಣೆಯಲ್ಲಿದ್ದ ಹಿಂದಿನ ಜನ್ಮದ ವಿವರವೂ ಬಹುಪಾಲು ಅಳಿಸಿಹೋಗಿರುತ್ತದೆ. ಇಂಥ ಸ್ಥಿತಿಯಲ್ಲಿ ಏನು ನಡೆಯಿತೆಂದು ಹೇಳುವವರು ಯಾರು?

ಹೇಳಿದ್ದು ಆ ತಂತ್ರಾಂಶದೊಳಗೇ ಇದ್ದ ಒಂದು ದಿನಚರಿ. ಗಣಕದ ಅಂತರಾಳದಲ್ಲಿ ನಡೆಯುವ ಘಟನೆಗಳನ್ನು ನಡೆದ ಕ್ಷಣದಲ್ಲೇ ಬರೆದಿಡುವ ಈ ಕಲೆಗೆ ಮುಕ್ಕಾಲು ಶತಮಾನದ ಇತಿಹಾಸವಿದೆ. ಅದರ ಹೆಸರು ಕೇಳಿದವರು ಕಡಿಮೆ. ಆದರೆ ಬ್ಯಾಂಕು, ರೈಲು, ದೂರವಾಣಿ, ಆಸ್ಪತ್ರೆ ಎಲ್ಲವೂ ಗಣಕವನ್ನು ನಂಬಿರುವ ಕಾಲದಲ್ಲಿ ಅದರ ಋಣ ಎಲ್ಲರ ಮೇಲೂ ಇದೆ.

ತಿರುಳಿನೊಳಗಿನ ಕತ್ತಲು

ಗಣಕದ ಆಪರೇಟಿಂಗ್ ಸಿಸ್ಟಂನ ಒಳಭಾಗಕ್ಕೆ ಕರ್ನೆಲ್ ಎಂದು ಹೆಸರು. ಕಾಳಿನ ತಿರುಳು ಎಂದೇ ಆ ಪದದ ಅರ್ಥ. ಪತ್ರ ಬರೆಯುವ, ಲೆಕ್ಕ ಮಾಡುವ, ಹಾಡು ಕೇಳಿಸುವ ಕಾರ್ಯಕ್ರಮಗಳೆಲ್ಲ ಕಚೇರಿಯ ಪಡಸಾಲೆಯಲ್ಲಿ ಕಾದು ಕುಳಿತ ಅರ್ಜಿದಾರರಿದ್ದಂತೆ. ಕಡತ ತೆಗೆಯಬೇಕಾದರೆ, ಬೇರೊಂದು ಯಂತ್ರಕ್ಕೆ ಸುದ್ದಿ ಕಳಿಸಬೇಕಾದರೆ, ಸ್ಮರಣೆಯಲ್ಲಿ ಒಂದಿಷ್ಟು ಜಾಗ ಬೇಕಾದರೆ ಅವು ಒಳಕೋಣೆಗೇ ಅರ್ಜಿ ಕೊಡಬೇಕು. ಯಾರಿಗೆ ಎಷ್ಟು ಹೊತ್ತು ಸಂಸ್ಕಾರಕ ಸಿಗಬೇಕು, ಯಾರು ಕಾಯಬೇಕು ಎಂದು ತೀರ್ಮಾನಿಸುವುದೂ ಆ ಒಳಕೋಣೆಯೇ.

ಹೊರಗಿನ ಕಾರ್ಯಕ್ರಮವೊಂದು ಕುಸಿದರೆ ಅದರ ಕಥೆ ಹೇಳಲು ಕರ್ನೆಲ್ ಉಳಿದಿರುತ್ತದೆ. ಕರ್ನೆಲ್ಲೇ ಕುಸಿದರೆ ಕಥೆ ಹೇಳಲು ಯಾರೂ ಉಳಿಯುವುದಿಲ್ಲ. ಆದ್ದರಿಂದ ಅದು ಬದುಕಿರುವಾಗಲೇ ತನ್ನ ಆವಕ–ಜಾವಕದ ಪುಸ್ತಕವನ್ನು ತಾನೇ ಬರೆದುಕೊಳ್ಳಬೇಕು. ತೊಡಕು ಇರುವುದು ಇಲ್ಲೇ. ಬರೆಯುವವನೂ ಅವನೇ, ಕೆಲಸ ಮಾಡುವವನೂ ಅವನೇ. ಬರೆಯುತ್ತ ಕುಳಿತರೆ ಕೆಲಸ ನಿಲ್ಲುತ್ತದೆ. ಬರೆಯದೆ ಬಿಟ್ಟರೆ ಅಪಘಾತದ ದಿನ ಪುಟ ಖಾಲಿಯಿರುತ್ತದೆ. ಈ ಕಲೆಯ ಇತಿಹಾಸವೆಲ್ಲ ಈ ಎರಡರ ನಡುವೆ ಹದ ಹುಡುಕಿದ ಇತಿಹಾಸ.

ಇಂಥ ಬರವಣಿಗೆಯಲ್ಲಿ ಎರಡು ಬಗೆ. ಒಂದು ಲಾಗ್. ‘ತಟ್ಟೆಯನ್ನು ಓದಲಾಗಲಿಲ್ಲ’, ‘ಹೊಸ ಉಪಕರಣ ಜೋಡಣೆಯಾಯಿತು’ ಎಂದು, ಮುಖ್ಯವೆನಿಸಿದ್ದನ್ನು ಮಾತ್ರ ವಾಕ್ಯರೂಪದಲ್ಲಿ ದಾಖಲಿಸುವುದು. ಇನ್ನೊಂದು ಟ್ರೇಸ್. ಇದರಲ್ಲಿ ಮುಖ್ಯ, ಅಮುಖ್ಯ ಎಂಬ ಭೇದವಿಲ್ಲ. ಯಾವ ಕೆಲಸ ಎಷ್ಟು ಹೊತ್ತಿಗೆ ಎದ್ದಿತು, ಎಷ್ಟು ಹೊತ್ತಿಗೆ ಮಲಗಿತು, ಯಾರಿಗಾಗಿ ಕಾಯಿತು ಎಂಬ ಒಂದೊಂದು ಹೆಜ್ಜೆಯನ್ನೂ ಸಮಯದ ಗುರುತಿನೊಂದಿಗೆ ಬರೆಯುವುದು. ಲಾಗ್ ಡೈರಿಯಾದರೆ ಟ್ರೇಸ್ ಹೆಜ್ಜೆಗುರುತಿನ ಸಾಲು.

ಮರದ ತುಂಡಿನಿಂದ ಎಡ್ಸ್ಯಾಕ್‌ವರೆಗೆ

ಲಾಗ್ ಎಂಬ ಮಾತು ಸಮುದ್ರದಿಂದ ಬಂದದ್ದು. ಹಡಗಿನ ವೇಗ ತಿಳಿಯಲು ನಾವಿಕರು ಗಂಟು ಹಾಕಿದ ಹಗ್ಗದ ತುದಿಗೆ ಮರದ ತುಂಡನ್ನು ಕಟ್ಟಿ ನೀರಿಗೆ ಬಿಡುತ್ತಿದ್ದರು. ನಿಗದಿತ ಹೊತ್ತಿನಲ್ಲಿ ಎಷ್ಟು ಗಂಟು ಕೈಜಾರಿತೋ ಅಷ್ಟು ವೇಗ. ಆ ಲೆಕ್ಕ ಬರೆಯುವ ಪುಸ್ತಕಕ್ಕೆ ಮರದ ತುಂಡಿನ ಹೆಸರೇ ಅಂಟಿಕೊಂಡಿತು. ಮೊದಲ ಗಣಕಗಳ ಪಕ್ಕದಲ್ಲೂ ಅಂಥ ಪುಸ್ತಕವಿರುತ್ತಿತ್ತು; ಬರೆಯುತ್ತಿದ್ದವರು ಮನುಷ್ಯರು. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ‘ಮಾರ್ಕ್ 2’ ಯಂತ್ರದ ರಿಲೇಯೊಂದರಲ್ಲಿ ಸಿಕ್ಕಿಕೊಂಡಿದ್ದ ಪತಂಗವನ್ನು ತೆಗೆದು ಅಂಟಿಸಿದ ಪುಟ ಪ್ರಸಿದ್ಧ. ಆ ಪುಸ್ತಕ ಇಂದಿಗೂ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹದಲ್ಲಿದೆ.

ಆದರೆ ಗಣಕದ ವೇಗಕ್ಕೆ ಮನುಷ್ಯನ ಕಣ್ಣು ಸಾಟಿಯಾಗಲಿಲ್ಲ. ಕೇಂಬ್ರಿಜ್‌ನಲ್ಲಿ 1949ರ ಮೇ 6ರಂದು ಮೊದಲ ಕಾರ್ಯಕ್ರಮ ನಡೆಸಿದ ‘ಎಡ್ಸ್ಯಾಕ್’ ಯಂತ್ರದ ಬಳಿ ಕೆಲಸ ಮಾಡುತ್ತಿದ್ದವರಿಗೆ ಬಲುಬೇಗ ಒಂದು ಸತ್ಯ ಗೊತ್ತಾಯಿತು: ಕಾರ್ಯಕ್ರಮ ಬರೆಯುವುದಕ್ಕಿಂತ ಅದರ ತಪ್ಪು ಹುಡುಕುವುದಕ್ಕೇ ಹೆಚ್ಚು ದಿನ ಬೇಕು. ಅಲ್ಲಿನ ಸ್ಟ್ಯಾನ್ಲಿ ಗಿಲ್ 1951ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಪರೀಕ್ಷೆಗೆ ಒಳಗಾದ ಕಾರ್ಯಕ್ರಮವನ್ನು ಇನ್ನೊಂದು ಕಾರ್ಯಕ್ರಮ ಆಜ್ಞೆ ಆಜ್ಞೆಯಾಗಿ ನಡೆಸಿಕೊಂಡು ಹೋಗುತ್ತ, ಯಾವ ಆಜ್ಞೆ ನಡೆಯಿತೆಂದು ಅಕ್ಷರಗಳಲ್ಲಿ ಮುದ್ರಿಸುವ ಉಪಾಯ ಅದರಲ್ಲಿತ್ತು. ಇಂದು ಟ್ರೇಸ್ ಎನ್ನುವುದರ ಮೂಲರೂಪ ಇದು. ಗುಣದ ಜೊತೆಗೆ ದೋಷವೂ ಅಂದೇ ಕಾಣಿಸಿಕೊಂಡಿತು. ಹೆಜ್ಜೆ ಹೆಜ್ಜೆಗೂ ಅಕ್ಷರ ಅಚ್ಚು ಹಾಕುತ್ತ ಹೋದರೆ ಯಂತ್ರ ಆಮೆಯಾಗುತ್ತದೆ.

ಹರಟೆಗೆ ಬಳಸಬೇಡಿ

1960ರ ದಶಕದಲ್ಲಿ ಒಂದೇ ಯಂತ್ರದಲ್ಲಿ ಹಲವು ಕಾರ್ಯಕ್ರಮಗಳನ್ನು ನಡೆಸುವ ಆಪರೇಟಿಂಗ್ ಸಿಸ್ಟಂಗಳು ಬಂದ ಮೇಲೆ ದಿನಚರಿಯ ಅಗತ್ಯ ಒಳಕೋಣೆಗೇ ಸರಿಯಿತು. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಆರಂಭಿಸಿದ ಯುನಿಕ್ಸ್ 1975ರಲ್ಲಿ ಆರನೆಯ ಆವೃತ್ತಿ ಕಂಡಿತು. ವಿಶ್ವವಿದ್ಯಾಲಯಗಳಿಗೆ ಹಬ್ಬಿದ ಆ ಆವೃತ್ತಿಯ ಕರ್ನೆಲ್ಲಿನಲ್ಲಿ ಸಂದೇಶ ಮುದ್ರಿಸುವ ಒಂದು ಪುಟ್ಟ ಭಾಗವಿದೆ. ಅದರ ತಲೆಯ ಮೇಲೆ ಬರೆದವರು ಸಹೋದ್ಯೋಗಿಗಳಿಗಾಗಿ ಬಿಟ್ಟ ಟಿಪ್ಪಣಿಯ ಸಾರ ಇಷ್ಟು: ಇದು ಮುದ್ರಿಸುತ್ತಿರುವಷ್ಟು ಹೊತ್ತು ವ್ಯವಸ್ಥೆಯ ಉಳಿದೆಲ್ಲ ಕೆಲಸ ಹೆಚ್ಚುಕಡಿಮೆ ನಿಂತೇಹೋಗುತ್ತದೆ; ಆದ್ದರಿಂದ ಇದನ್ನು ಹರಟೆಗೆ ಬಳಸಕೂಡದು.

ತಮಾಷೆಯಂತೆ ಕಾಣುವ ಈ ಎಚ್ಚರಿಕೆಯ ಹಿಂದೆ ಗಟ್ಟಿಯಾದ ಲೆಕ್ಕವಿದೆ. ಅಂದಿನ ಸಂದೇಶಗಳು ಹೋಗುತ್ತಿದ್ದುದು ಟೆಲಿಟೈಪಿಗೆ. ಅಕ್ಷರ ಕುಟ್ಟುವ ಆ ಯಂತ್ರ ಒಂದು ಸಾಲು ಮುಗಿಸುವಷ್ಟರಲ್ಲಿ ಗಣಕ ಸಾವಿರಾರು ಆಜ್ಞೆಗಳನ್ನು ನಡೆಸಬಹುದಿತ್ತು. ಕುದುರೆಯನ್ನು ಎತ್ತಿನ ಗಾಡಿಯ ಹಿಂದೆ ಕಟ್ಟಿದ ಹಾಗೆ.

ಪರಿಹಾರವೇನು? ಮೊದಲು ಸ್ಮರಣೆಯಲ್ಲಿ ಬರೆದಿಟ್ಟುಕೊಂಡು, ಆಮೇಲೆ ಬಿಡುವಾದಾಗ ಓದುವುದು. ಆದರೆ ಸ್ಮರಣೆ ಆಗ ಬಂಗಾರದಷ್ಟು ದುಬಾರಿ. ಆದ್ದರಿಂದ ಒಂದು ಸಣ್ಣ ಜಾಗವನ್ನು ಗೊತ್ತುಮಾಡಿ, ಅದು ತುಂಬಿದ ಮೇಲೆ ಅತಿ ಹಳೆಯದನ್ನು ಅಳಿಸಿ ಅದರ ಮೇಲೆಯೇ ಹೊಸದನ್ನು ಬರೆಯುವ ಪದ್ಧತಿ ಬಂತು. ಉಂಗುರದಂತೆ ಕೊನೆಯಿಂದ ಮತ್ತೆ ಮೊದಲಿಗೆ ಸುತ್ತಿ ಬರುವುದರಿಂದ ಇದಕ್ಕೆ ರಿಂಗ್ ಬಫರ್ ಎನ್ನುತ್ತಾರೆ. ಕನ್ನಡ ನಾಡಿನ ಹಳೆಯ ಲೆಕ್ಕದವರಿಗೆ ಇದು ಅಪರಿಚಿತವೆನಿಸುತ್ತಿರಲಿಲ್ಲ. ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲ ಪುಡಿ ಲೇಪಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಡತದಲ್ಲಿ ಹಳೆಯ ಬರಹವನ್ನು ಒರೆಸಿ ಅದೇ ಮಡಿಕೆಯ ಮೇಲೆ ಮತ್ತೆ ಬರೆಯಬಹುದಿತ್ತು. 1970ರ ದಶಕ ಮುಗಿಯುವ ಹೊತ್ತಿಗೆ ಯುನಿಕ್ಸಿನಲ್ಲಿ ಈ ಉಂಗುರದ ಪುಟವನ್ನು ಓದಿ ತೋರಿಸುವ ‘ಡಿಮೆಸೇಜ್’ ಎಂಬ ಆಜ್ಞೆ ಬಂದಿತ್ತು. ಲಿನಕ್ಸ್ ಬಳಸುವವರು ಇಂದಿಗೂ ಅದನ್ನೇ ಒತ್ತುತ್ತಾರೆ.

1980ರ ದಶಕದ ಆರಂಭದಲ್ಲಿ ಬರ್ಕ್ಲಿಯ ಎರಿಕ್ ಆಲ್ಮನ್ ಅಂಚೆ ಸಾಗಿಸುವ ತಮ್ಮ ‘ಸೆಂಡ್‌ಮೇಲ್’ ತಂತ್ರಾಂಶಕ್ಕಾಗಿ ‘ಸಿಸ್‌ಲಾಗ್’ ಎಂಬ ವ್ಯವಸ್ಥೆ ರೂಪಿಸಿದರು. ಸಂದೇಶಗಳಿಗೆ ಅವುಗಳ ತೀವ್ರತೆಗೆ ತಕ್ಕಂತೆ 0ಯಿಂದ 7ರವರೆಗೆ ಎಂಟು ದರ್ಜೆ. ಸೊನ್ನೆ ಎಂದರೆ ಮನೆಗೆ ಬೆಂಕಿ ಬಿದ್ದಂತೆ. ಏಳು ಎಂದರೆ ತಪ್ಪು ಹುಡುಕುವವರಿಗೆ ಮಾತ್ರ ಬೇಕಾದ ಸಣ್ಣ ವಿವರ. ಯಾವುದನ್ನು ಕೂಗಿ ಹೇಳಬೇಕು, ಯಾವುದನ್ನು ಪಿಸುಗುಟ್ಟಿದರೆ ಸಾಕು ಎಂಬ ವಿವೇಕವನ್ನು ಯಂತ್ರಕ್ಕೆ ಕಲಿಸಿದ ಈ ಎಂಟು ಮೆಟ್ಟಿಲುಗಳು ಇಂದಿಗೂ ಬಳಕೆಯಲ್ಲಿವೆ.

ಕೀಲಿಕೈ ಹಿಡಿದ ಗುಮಾಸ್ತ

ಪಾಥ್‌ಫೈಂಡರ್ ಹಾರುವ ಹೊತ್ತಿಗೆ ಈ ಉಪಾಯಗಳೆಲ್ಲ ಬಳಕೆಗೆ ಬಂದಿದ್ದವು. ನೌಕೆಯಲ್ಲಿದ್ದದ್ದು ವಿಂಡ್ ರಿವರ್ ಸಂಸ್ಥೆಯ ‘ವಿಎಕ್ಸ್‌ವರ್ಕ್ಸ್’ ಎಂಬ ಆಪರೇಟಿಂಗ್ ಸಿಸ್ಟಂ. ತಂತ್ರಾಂಶ ತಯಾರಾಗುತ್ತಿದ್ದಾಗ ಬೇರೊಂದು ದೋಷ ಹುಡುಕಲು ಎಂಜಿನಿಯರುಗಳು ಅದಕ್ಕೊಂದು ಟ್ರೇಸ್ ವ್ಯವಸ್ಥೆ ಜೋಡಿಸಿದ್ದರು. ಯಂತ್ರ ಶುರುವಾದ ಕ್ಷಣದಿಂದ ಅದು ಉಂಗುರದ ಪುಟದಲ್ಲಿ ಬರೆಯುತ್ತಲೇ ಇರುತ್ತಿತ್ತು. ಅದು ಬರೆದದ್ದನ್ನೆಲ್ಲ ಮಂಗಳದಿಂದ ಭೂಮಿಗೆ ಕಳಿಸುವುದು ಅಸಾಧ್ಯ. ಅಷ್ಟು ದೊಡ್ಡ ರಾಶಿ. ಹಾಗಾದರೆ ಹಾರಾಟಕ್ಕೆ ಮುನ್ನ ಅದನ್ನು ಕಿತ್ತುಹಾಕಬೇಕಿತ್ತಲ್ಲವೆ? ತಂಡದ ಮುಖ್ಯಸ್ಥ ಗ್ಲೆನ್ ರೀವ್ಸ್ ಮತ್ತವರ ಸಂಗಡಿಗರು ಬೇಕೆಂದೇ ಕೀಳಲಿಲ್ಲ. ಪರೀಕ್ಷಿಸಿದ್ದನ್ನೇ ಹಾರಿಸಬೇಕು, ಹಾರಿಸುವುದನ್ನೇ ಪರೀಕ್ಷಿಸಬೇಕು ಎಂಬುದು ಅವರ ನೇಮವಾಗಿತ್ತು.

ಮಂಗಳದಲ್ಲಿ ತೊಂದರೆ ಕಂಡೊಡನೆ ಅವರು ಭೂಮಿಯ ಮೇಲಿದ್ದ ಪ್ರತಿರೂಪ ಯಂತ್ರದಲ್ಲಿ ಅದೇ ತಂತ್ರಾಂಶ ಇಟ್ಟು, ಅದೇ ಕೆಲಸಗಳನ್ನು ಮತ್ತೆ ಮತ್ತೆ ಮಾಡಿಸಿದರು. 18 ಗಂಟೆ ತುಂಬುವುದರೊಳಗೆ ಅದೇ ಕುಸಿತ ಪ್ರಯೋಗಾಲಯದಲ್ಲೂ ಕಾಣಿಸಿಕೊಂಡಿತು. ಕುಸಿಯುವ ಕ್ಷಣದಲ್ಲಿ ಬರವಣಿಗೆ ನಿಲ್ಲಿಸಿ ಪುಟವನ್ನು ಹೊರಹಾಕುವ ಏರ್ಪಾಡೂ ಮೊದಲೇ ಇತ್ತು. ಆ ಪುಟ ನೋಡಿದ ಮೇಲೆ ಕಾರಣ ಹಗಲಿನಷ್ಟು ಸ್ಪಷ್ಟವಾಯಿತು.

ನಡೆದದ್ದನ್ನು ಹೀಗೆ ಕಲ್ಪಿಸಿಕೊಳ್ಳಬಹುದು. ಒಂದು ಕಚೇರಿ, ಇರುವುದು ಒಂದೇ ಮೇಜು. ಮೇಲಿನವರು ಬಂದರೆ ಕೆಳಗಿನವರು ಎದ್ದು ಜಾಗ ಬಿಡಬೇಕು. ಗುಮಾಸ್ತ ಬೀರುವಿನ ಕೀಲಿಕೈ ಪಡೆದು ಒಂದು ಕಾಗದ ಸೇರಿಸುವ ಕೆಲಸದಲ್ಲಿದ್ದಾನೆ. ಅಷ್ಟರಲ್ಲಿ ಶಿರಸ್ತೇದಾರರು ಬಂದು ಮೇಜು ಹಿಡಿಯುತ್ತಾರೆ. ಗುಮಾಸ್ತ ಕೀಲಿಕೈಯನ್ನು ಜೇಬಿನಲ್ಲೇ ಇಟ್ಟುಕೊಂಡು ಮೂಲೆಗೆ ಸರಿಯುತ್ತಾನೆ. ಆಗ ತಹಸೀಲ್ದಾರರಿಗೆ ಬೀರುವಿನ ಕಾಗದ ಬೇಕಾಗುತ್ತದೆ. ಕೀಲಿಕೈ ಗುಮಾಸ್ತನ ಬಳಿ. ಅವನ ಕೆಲಸ ಮುಗಿಯದೆ ಕೀಲಿ ಬಿಡುವಂತಿಲ್ಲ. ಶಿರಸ್ತೇದಾರರು ಏಳದೆ ಅವನ ಕೆಲಸ ಮುಗಿಯುವಂತಿಲ್ಲ. ಎಲ್ಲರಿಗಿಂತ ದೊಡ್ಡವರು ಎಲ್ಲರಿಗಿಂತ ಹೆಚ್ಚು ಹೊತ್ತು ಕಾಯುತ್ತಾರೆ. ನೌಕೆಯಲ್ಲಿ ಹವಾಮಾನದ ಕೆಲಸವೇ ಗುಮಾಸ್ತ. ದತ್ತಾಂಶ ಹಂಚುವ ಮಹತ್ವದ ಕೆಲಸ ತಹಸೀಲ್ದಾರ. ಗೊತ್ತಾದ ಹೊತ್ತಿಗೆ ಆ ಕೆಲಸ ಮುಗಿಯದ್ದನ್ನು ಕಂಡ ಕಾವಲು ವ್ಯವಸ್ಥೆ ಏನೋ ಅನಾಹುತವಾಗಿದೆಯೆಂದು ಬಗೆದು ಇಡೀ ಗಣಕವನ್ನು ಮರುಪ್ರಾರಂಭಿಸುತ್ತಿತ್ತು.

ಪರಿಹಾರ ಮೊದಲೇ ಗೊತ್ತಿದ್ದದ್ದು. ದೊಡ್ಡವರು ಕಾಯುತ್ತಿರುವಷ್ಟು ಹೊತ್ತು ಕೀಲಿಕೈ ಹಿಡಿದ ಗುಮಾಸ್ತನಿಗೂ ಅವರ ದರ್ಜೆಯನ್ನೇ ಕೊಡುವುದು. ಆಗ ನಡುವಿನವರು ಅವನನ್ನು ಎಬ್ಬಿಸಲಾರರು. ಲುಯಿ ಶಾ, ರಾಗುನಾಥನ್ ರಾಜಕುಮಾರ್, ಜಾನ್ ಲೆಹೋಟ್ಸ್ಕಿ 1990ರಲ್ಲಿ ಈ ವಿಧಾನವನ್ನು ಗಣಿತದ ಆಧಾರದೊಂದಿಗೆ ಪ್ರತಿಪಾದಿಸಿದ್ದರು. ವಿಎಕ್ಸ್‌ವರ್ಕ್ಸ್‌ನಲ್ಲೂ ಅದಕ್ಕೊಂದು ಗುಂಡಿ ಇತ್ತು. ನೌಕೆಯಲ್ಲಿ ಅದು ಒತ್ತದೆ ಉಳಿದಿತ್ತು, ಅಷ್ಟೇ. ಭೂಮಿಯಿಂದ ತಿದ್ದುಪಡಿ ಕಳಿಸಿದರು, ಕುಸಿತ ನಿಂತಿತು. ಹುಡುಕಿ ಕೊಟ್ಟದ್ದು ಮಾತ್ರ ಗಣಿತವಲ್ಲ, ದಿನಚರಿ.

ಓಡುವ ಬಂಡಿಗೆ ಗೂಟ

ಮಂಗಳದ ಯಂತ್ರ ಒಂದೇ ಉದ್ದೇಶದ್ದು. ಭೂಮಿಯ ಮೇಲಿನ ಸಾಮಾನ್ಯ ಗಣಕಗಳ ಸಮಸ್ಯೆ ಬೇರೆ. ಅಲ್ಲಿ ಎಲ್ಲಿ ತಪ್ಪಾದೀತೆಂದು ಮುಂಚಿತವಾಗಿ ಊಹಿಸಿ ಬರವಣಿಗೆಯ ಜಾಗ ಗೊತ್ತುಮಾಡಲಾಗದು. ಹೊಸ ಜಾಗದಲ್ಲಿ ಬರೆಸಬೇಕೆಂದರೆ ಕರ್ನೆಲ್ಲನ್ನು ತಿದ್ದಿ, ಯಂತ್ರವನ್ನು ನಿಲ್ಲಿಸಿ, ಮತ್ತೆ ಶುರುಮಾಡಬೇಕು. ಅಷ್ಟರಲ್ಲಿ ರೋಗಲಕ್ಷಣ ಮಾಯವಾಗಿರುತ್ತದೆ. ಇಂಥ ಜಾರಿಕೊಳ್ಳುವ ದೋಷಗಳನ್ನು ಜಿಮ್ ಗ್ರೇ 1985ರ ತಮ್ಮ ಪ್ರಸಿದ್ಧ ವರದಿಯಲ್ಲಿ ‘ಹೈಸೆನ್‌ಬಗ್’ ಎಂದು ಕರೆದರು. ನೋಡಲು ಹೋದರೆ ನೋಡುವ ವಸ್ತುವೇ ಬದಲಾಗುತ್ತದೆ ಎಂಬ ಭೌತವಿಜ್ಞಾನಿ ಹೈಸೆನ್‌ಬರ್ಗ್ ಅವರ ತತ್ವದ ನೆನಪು ಆ ಹೆಸರಿನಲ್ಲಿದೆ.

ಕಳೆದ ಶತಮಾನದ ಕೊನೆಯಲ್ಲಿ ಹಲವರು ಈ ಗಂಟು ಬಿಚ್ಚಲು ತೊಡಗಿದರು. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೊರತಂದ ಲಿನಕ್ಸ್‌ನಲ್ಲಿ ಸಂದೇಶ ಬರೆಯುವ ‘ಪ್ರಿಂಟ್‌ಕೆ’ ಇತ್ತು; ವ್ಯವಸ್ಥಿತ ಟ್ರೇಸ್ ಇರಲಿಲ್ಲ. ಮಾಂಟ್ರಿಯಲ್‌ನ ಕರೀಂ ಯಗ್ಮೂರ್ 1999ರಲ್ಲಿ ‘ಲಿನಕ್ಸ್ ಟ್ರೇಸ್ ಟೂಲ್‌ಕಿಟ್’ ಹೊರತಂದರು. ಅದನ್ನು ಅಧಿಕೃತ ಕರ್ನೆಲ್ಲಿಗೆ ಸೇರಿಸಲು ವರ್ಷಗಟ್ಟಲೆ ಪ್ರಯತ್ನ ನಡೆದರೂ ಫಲಿಸಲಿಲ್ಲ. ತಿರುಳಿನಲ್ಲಿ ಅಲ್ಲಲ್ಲಿ ಕಾಯಂ ಆಗಿ ಬರವಣಿಗೆಯ ಸಾಲುಗಳನ್ನು ನೆಡುವುದು ಪಾಲಕರಿಗೆ ಹಿಡಿಸಲಿಲ್ಲ. ಯಾವಾಗಲೋ ಒಮ್ಮೆ ಬರುವ ವೈದ್ಯನಿಗಾಗಿ ದೇಹದಲ್ಲಿ ಸದಾ ತೂತು ಇಟ್ಟುಕೊಳ್ಳಬೇಕೆ ಎಂಬುದು ಅವರ ಆಕ್ಷೇಪದ ಸಾರ.

ಇನ್ನೊಂದು ದಾರಿ ತೂತೇ ಇಲ್ಲದ ದಾರಿ. ಓಡುತ್ತಿರುವ ಕರ್ನೆಲ್ಲಿನಲ್ಲಿ ಬೇಕಾದ ಆಜ್ಞೆಯ ಮೊದಲ ಬೈಟನ್ನು ಎತ್ತಿಟ್ಟುಕೊಂಡು, ಆ ಜಾಗದಲ್ಲಿ ‘ನಿಲ್ಲು’ ಎಂಬ ಆಜ್ಞೆ ಇಡುವುದು. ಸಂಸ್ಕಾರಕ ಅಲ್ಲಿಗೆ ಬಂದು ನಿಂತೊಡನೆ ಬೇಕಾದ ವಿವರ ಬರೆದುಕೊಂಡು, ಎತ್ತಿಟ್ಟ ಆಜ್ಞೆಯನ್ನು ನಡೆಸಿ, ಮುಂದೆ ಕಳಿಸುವುದು. ಕೆಲಸ ಮುಗಿದ ಮೇಲೆ ಮೂಲ ಬೈಟನ್ನು ಮರಳಿ ಇಟ್ಟರೆ ಗುರುತೂ ಉಳಿಯದು. ಐಬಿಎಂನ ಓಎಸ್/2ರಲ್ಲಿದ್ದ ಇಂಥ ಏರ್ಪಾಡನ್ನು ರಿಚರ್ಡ್ ಮೂರ್ ಮತ್ತು ಸಂಗಡಿಗರು ‘ಡಿಪ್ರೋಬ್ಸ್’ ಎಂಬ ಹೆಸರಿನಲ್ಲಿ ಲಿನಕ್ಸ್‌ಗೆ ತಂದರು. ಅದರ ತಿರುಳನ್ನು ಮಾತ್ರ ಬಿಡಿಸಿಕೊಂಡು ರೂಪುಗೊಂಡದ್ದು ‘ಕೆಪ್ರೋಬ್ಸ್’. ಇದರ ಕೆಲಸದ ದೊಡ್ಡ ಪಾಲು ನಡೆದದ್ದು ಬೆಂಗಳೂರಿನಲ್ಲಿ, ಐಬಿಎಂನ ಲಿನಕ್ಸ್ ತಂತ್ರಜ್ಞಾನ ಕೇಂದ್ರದಲ್ಲಿ. ಲಿನಕ್ಸ್‌ನ ಮೂಲಪಾಠದಲ್ಲಿ ಆ ಕಡತದ ಶಿರೋಲೇಖ ಓದಿದರೆ 2002ರ ಅಕ್ಟೋಬರಿನ ಮೊದಲ ರಚನೆ ವಂಶಿಕೃಷ್ಣ ಅವರದೆಂದೂ, 2004ರಲ್ಲಿ ಸುಪರ್ಣಾ ಭಟ್ಟಾಚಾರ್ಯ, ಪ್ರಸನ್ನ ಪಂಚಮುಖಿ ಅದನ್ನು ಬೆಳೆಸಿದರೆಂದೂ ಬರೆದಿದೆ. ಮುಂದೆ ಅದನ್ನು ನೋಡಿಕೊಂಡವರಲ್ಲಿ ಅನಂತ್ ಮಾವಿನಕಾಯನಹಳ್ಳಿ ಒಬ್ಬರು. ಆ ಹೆಸರು ಕನ್ನಡ ಕಿವಿಗೆ ದೂರದ್ದೆನಿಸದು. 2004ರ ಅಕ್ಟೋಬರಿನಲ್ಲಿ ಬಂದ ಲಿನಕ್ಸ್ 2.6.9ರಲ್ಲಿ ಕೆಪ್ರೋಬ್ಸ್ ಅಧಿಕೃತವಾಗಿ ಸೇರಿತು. ಜಗತ್ತಿನಾದ್ಯಂತ ಲೆಕ್ಕವಿಲ್ಲದಷ್ಟು ಯಂತ್ರಗಳಲ್ಲಿ ಅದು ಇಂದಿಗೂ ಇದೆ.

ಅದೇ ಕಾಲದಲ್ಲಿ ಸನ್ ಸಂಸ್ಥೆಯ ಬ್ರಯಾನ್ ಕ್ಯಾಂಟ್ರಿಲ್, ಮೈಕ್ ಶಪೀರೊ, ಆಡಮ್ ಲೆವೆಂಥಾಲ್ ಮೂವರೂ ‘ಡಿಟ್ರೇಸ್’ ಕಟ್ಟುತ್ತಿದ್ದರು. 2005ರಲ್ಲಿ ಸೋಲಾರಿಸ್ 10ರ ಜೊತೆ ಅದು ಬಳಕೆದಾರರ ಕೈಸೇರಿತು. ಸಾವಿರಾರು ಜಾಗಗಳಲ್ಲಿ ಕಣ್ಣಿಡುವ ಸೌಲಭ್ಯ. ಯಾರೂ ನೋಡದಿರುವಾಗ ಅದರ ವೆಚ್ಚ ಸೊನ್ನೆ. ಪ್ರಯೋಗಾಲಯದಲ್ಲಿ ಮಾತ್ರವಲ್ಲ, ಗಿರಾಕಿಗಳು ಸಾಲುಗಟ್ಟಿ ನಿಂತ ಹೊತ್ತಿನಲ್ಲೂ ಯಂತ್ರ ನಿಲ್ಲಿಸದೆ ಒಳಗೆ ಇಣುಕಬಹುದು ಎಂದು ತೋರಿಸಿದ್ದು ಅದರ ಹಿರಿಮೆ.

ಕಾವಲುಗಾರನೇ ಕನ್ನ ಹಾಕಿದಾಗ

ಓಡುವ ಯಂತ್ರದ ಆಜ್ಞೆಗಳನ್ನು ಓಡುತ್ತಿರುವಾಗಲೇ ತಿದ್ದುವುದು ಬೆಂಕಿಯ ಜೊತೆ ಸರಸ. 2008ರಲ್ಲಿ ಅದು ಕೈ ಸುಟ್ಟಿತು. ಆ ವರ್ಷ ಸ್ಟೀವನ್ ರೋಸ್ಟೆಟ್ ಅವರ ‘ಎಫ್‌ಟ್ರೇಸ್’ ಲಿನಕ್ಸ್ 2.6.27ಕ್ಕೆ ಸೇರಿತ್ತು. ಆ ಆವೃತ್ತಿಯ ಪರೀಕ್ಷಾ ಪ್ರತಿಗಳನ್ನು ಬಳಸಿದ ಕೆಲವರ ಯಂತ್ರಗಳಲ್ಲಿ ಇಂಟೆಲ್‌ನ ಒಂದು ಜಾತಿಯ ನೆಟ್‌ವರ್ಕ್ ಕಾರ್ಡುಗಳು ಒಂದೊಂದಾಗಿ ಸಾಯತೊಡಗಿದವು. ಯಂತ್ರವನ್ನು ಆರಿಸಿ ಹೊತ್ತಿಸಿದರೂ ಬದುಕಲಿಲ್ಲ. ಕಾರ್ಡಿನ ಕಾಯಂ ಸ್ಮರಣೆಯೇ ಕೆಟ್ಟುಹೋಗಿತ್ತು. ಎಲ್ಲರ ಅನುಮಾನವೂ ಕಾರ್ಡನ್ನು ನಡೆಸುವ ತಂತ್ರಾಂಶದ ಮೇಲೆ ಹೋಯಿತು. ಅಕ್ಟೋಬರಿನಲ್ಲಿ ನಿಜವಾದ ಅಪರಾಧಿ ಸಿಕ್ಕಿತು: ಎಫ್‌ಟ್ರೇಸ್.

ಕರ್ನೆಲ್ಲಿನ ಪ್ರತಿ ಉಪಕಾರ್ಯದ ಬಾಗಿಲಲ್ಲೂ ಗುರುತಿನ ಜಾಗವೊಂದನ್ನು ಇಟ್ಟು, ಆ ವಿಳಾಸಗಳ ಪಟ್ಟಿಯನ್ನು ಅದು ಕಾಪಾಡುತ್ತಿತ್ತು. ಕೆಲವು ಉಪಕಾರ್ಯಗಳು ಆರಂಭದಲ್ಲಿ ಒಮ್ಮೆ ಮಾತ್ರ ಬೇಕಾಗುವಂಥವು. ಕೆಲಸ ಮುಗಿದೊಡನೆ ಅವುಗಳ ಜಾಗ ಬೇರೆಯವರಿಗೆ ಹೋಗುತ್ತದೆ. ಪಟ್ಟಿಯಲ್ಲಿ ಮಾತ್ರ ಹಳೆಯ ವಿಳಾಸ ಹಾಗೇ ಉಳಿದಿತ್ತು. ಆ ವಿಳಾಸಕ್ಕೆ ಈಗ ನೆಟ್‌ವರ್ಕ್ ಕಾರ್ಡಿನ ಸ್ಮರಣೆ ಬಂದು ಕೂತಿತ್ತು. ಎಫ್‌ಟ್ರೇಸ್ ಎಚ್ಚರಿಕೆಯಿಂದಲೇ, ‘ಇಲ್ಲಿ ಹಳೆಯ ಆಜ್ಞೆಯೇ ಇದ್ದರೆ ಮಾತ್ರ ಬದಲಿಸು’ ಎನ್ನುವ ಆಜ್ಞೆ ಬಳಸಿತ್ತು. ಆದರೆ ಆ ಆಜ್ಞೆಗೊಂದು ಗುಪ್ತ ಸ್ವಭಾವ: ಹೋಲಿಕೆ ತಪ್ಪಿದರೂ ಅದು ಇದ್ದದ್ದನ್ನೇ ಮತ್ತೊಮ್ಮೆ ಬರೆಯುತ್ತದೆ. ಸಾಮಾನ್ಯ ಸ್ಮರಣೆಗೆ ಅದರಿಂದ ತೊಂದರೆಯಿಲ್ಲ. ಕಾರ್ಡಿನ ಸ್ಮರಣೆಗೆ ಆ ಒಂದು ಬರಹವೇ ವಿಷವಾಯಿತು. ಕಾವಲಿಗೆ ನಿಂತವನೇ ಕನ್ನ ಹಾಕಿದ್ದ, ಅದೂ ಗೊತ್ತಿಲ್ಲದೆ. ಆ ಭಾಗವನ್ನು ತತ್ಕಾಲಕ್ಕೆ ನಿಷ್ಕ್ರಿಯಗೊಳಿಸಿ, ಮುಂದಿನ ಆವೃತ್ತಿಗೆ ಸುರಕ್ಷಿತವಾಗಿ ಹೊಸದಾಗಿ ಬರೆದರು.

ಇಂಥ ಪಾಠಗಳಿಂದ ಹುಟ್ಟಿದ ಎಚ್ಚರವನ್ನು ‘ಇಬಿಪಿಎಫ್’ ಎಂಬ ವ್ಯವಸ್ಥೆಯಲ್ಲಿ ಕಾಣಬಹುದು. ಸ್ಟೀವನ್ ಮೆಕ್ಯಾನ್, ವ್ಯಾನ್ ಜೇಕಬ್ಸನ್ 1992ರಲ್ಲಿ ಜಾಲದ ಸಂದೇಶಗಳನ್ನು ಸೋಸಲು ಮಾಡಿದ್ದ ಪುಟ್ಟ ಯಂತ್ರಭಾಷೆಯನ್ನು ಅಲೆಕ್ಸಿ ಸ್ಟಾರೊವೊಯ್ಟೊವ್ ವಿಸ್ತರಿಸಿದರು. 2014ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 3.18ರಿಂದ ಅದು ಕರ್ನೆಲ್ಲಿನ ಭಾಗ. ಒಳಗೆ ಕಣ್ಣಿಡಲು ಬಯಸುವ ಕಾರ್ಯಕ್ರಮವನ್ನು ಬಾಗಿಲಲ್ಲೇ ತಡೆದು, ಅದು ಮುಗಿಯದೆ ಸುತ್ತುತ್ತಲೇ ಇರುತ್ತದೆಯೆ, ತನ್ನದಲ್ಲದ ಸ್ಮರಣೆ ಮುಟ್ಟುತ್ತದೆಯೆ ಎಂದು ಸಾಲು ಸಾಲು ಪರಿಶೀಲಿಸಿ, ಪಾಸಾದರೆ ಮಾತ್ರ ಒಳಗೆ ಬಿಡುತ್ತಾರೆ.

ಅಂಥ ಪರಿಶೀಲನೆ ಏಕೆ ಬೇಕು ಎಂಬುದನ್ನು 2024ರ ಜುಲೈ 19 ಜಗತ್ತಿಗೇ ತೋರಿಸಿತು. ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶ ವಿಂಡೋಸ್‌ನ ಕರ್ನೆಲ್ಲಿನಲ್ಲಿ ಕುಳಿತು ಅನುಮಾನಾಸ್ಪದ ಘಟನೆಗಳನ್ನು ಗಮನಿಸುವಂಥದು. ಅಂದು ಅದಕ್ಕೆ ಹೋದ ಹೊಸ ಮಾಹಿತಿ 21ನೆಯ ಅಂಶವೊಂದನ್ನು ಓದಲು ಹೇಳಿತು; ಒಳಗೆ ಸಿದ್ಧವಿದ್ದದ್ದು 20. ಇಲ್ಲದ್ದನ್ನು ಓದಲು ಹೋಗಿ ಅದು ಕರ್ನೆಲ್ಲನ್ನೇ ಕೆಡವಿತು. ಮೈಕ್ರೋಸಾಫ್ಟ್‌ನ ಅಂದಾಜಿನಂತೆ 85 ಲಕ್ಷ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಗಳನ್ನು ಮುಂದೂಡಿದವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ಸಿಕ್ಕಿತು.

ಐವತ್ತು ವರ್ಷದ ಬಾಕಿ

ಅದೇ 2024ರಲ್ಲಿ ಇನ್ನೊಂದು ಸಂಗತಿ ಸದ್ದಿಲ್ಲದೆ ನಡೆಯಿತು. ಕಾರ್ಖಾನೆಯ ಯಂತ್ರಗಳಂತೆ ಗೊತ್ತಾದ ಕ್ಷಣದಲ್ಲಿ ಕೆಲಸ ಆಗಲೇಬೇಕಾದ ಕಡೆ ಬಳಸಲು ಲಿನಕ್ಸ್‌ನ್ನು ಹದಗೊಳಿಸುವ ಯತ್ನ ಸುಮಾರು 20 ವರ್ಷಗಳಿಂದ ನಡೆದಿತ್ತು. ಒಂದೊಂದೇ ಅಡ್ಡಿ ಬಗೆಹರಿದು ಕೊನೆಗೆ ಉಳಿದ ದೊಡ್ಡ ಅಡ್ಡಿ ಯಾವುದು ಗೊತ್ತೆ? ಸಂದೇಶ ಬರೆಯುವ ಆ ಹಳೆಯ ಪ್ರಿಂಟ್‌ಕೆ.

ಟೆಲಿಟೈಪು ಹೋಗಿ ಎಷ್ಟೋ ಕಾಲವಾಗಿದ್ದರೂ ತಂತಿಯ ಮೂಲಕ ಅಕ್ಷರ ಕಳಿಸುವ ಸೀರಿಯಲ್ ಪೋರ್ಟ್ ಉಳಿದಿದೆ. ಕುಸಿಯುವ ಯಂತ್ರದ ಕೊನೆಯ ಮಾತನ್ನು ಹೊರಗೆ ತಲುಪಿಸಲು ಅದರಷ್ಟು ನಂಬಿಕಸ್ಥ ದೂತ ಇನ್ನೊಬ್ಬನಿಲ್ಲ. ಆದರೆ ಸೆಕೆಂಡಿಗೆ 1,15,200 ಬಿಟ್ ವೇಗದಲ್ಲಿ 80 ಅಕ್ಷರದ ಒಂದು ಸಾಲು ಕಳಿಸಲು ಸುಮಾರು 7 ಮಿಲಿಸೆಕೆಂಡು ಬೇಕು. ಇಂದಿನ ಸಂಸ್ಕಾರಕಕ್ಕೆ ಅದು 2 ಕೋಟಿ ಮಿಡಿತಗಳ ಹೊತ್ತು. ಅಷ್ಟು ಹೊತ್ತು ಉಳಿದವರು ಕಾದರೆ ಯಂತ್ರದ ತೋಳು ತಪ್ಪಿದ ಕ್ಷಣದಲ್ಲಿ ಚಲಿಸುತ್ತದೆ.

ಜಾನ್ ಓಗ್ನೆಸ್ ಮತ್ತು ಸಂಗಡಿಗರು ಇದನ್ನು ಬೇರಿನಿಂದ ಬದಲಿಸಿದರು. ಯಾರೂ ಯಾರಿಗೂ ಕಾಯದೆ ಬರೆಯಬಹುದಾದ ಹೊಸ ಉಂಗುರದ ಪುಟ 2020ರ ಡಿಸೆಂಬರಿನಲ್ಲಿ ಲಿನಕ್ಸ್ 5.10ರೊಂದಿಗೆ ಬಂತು. ಪುಟದಿಂದ ಓದಿ ಹೊರಗೆ ಹೇಳುವ ಕೆಲಸವನ್ನು ಪ್ರತ್ಯೇಕ ದೂತರಿಗೆ ಒಪ್ಪಿಸಲಾಯಿತು. ತುರ್ತು ಬಂದಾಗ ಮಾತ್ರ ಉಳಿದದ್ದನ್ನೆಲ್ಲ ಬದಿಗಿಟ್ಟು ನೇರವಾಗಿ ಕೂಗಿ ಹೇಳುವ ಅನುಮತಿ ಉಳಿಯಿತು. 2024ರ ನವೆಂಬರಿನಲ್ಲಿ ಬಂದ ಲಿನಕ್ಸ್ 6.12ರಲ್ಲಿ ಕಾಲನಿಷ್ಠ ಲಿನಕ್ಸ್ ಅಧಿಕೃತವಾಯಿತು. ಮುದ್ರಿಸುವಾಗ ಎಲ್ಲವೂ ನಿಲ್ಲುತ್ತದೆ, ಹರಟೆಗೆ ಬಳಸಬೇಡಿ ಎಂದು 1975ರ ಟಿಪ್ಪಣಿ ಎತ್ತಿ ತೋರಿದ್ದ ತೊಡಕು ಬಗೆಹರಿಯಲು ಸುಮಾರು ಅರ್ಧ ಶತಮಾನ ಹಿಡಿಯಿತು.

ದಾಖಲೆ ಇಡುವವರೆಲ್ಲರೂ ಎದುರಿಸುವ ಪ್ರಶ್ನೆಯೇ ಇಲ್ಲಿಯದೂ. ಕೆಲಸದ ಭರದಲ್ಲಿ ಬರೆಯುವುದು ಹೊರೆಯೆನಿಸುತ್ತದೆ, ಎಲ್ಲ ಸುಸೂತ್ರವಾಗಿರುವಾಗ ದಂಡದ ಖರ್ಚೆನಿಸುತ್ತದೆ. ಅನಾಹುತವಾದ ಮೇಲೆ ಬರೆಯಲು ಕುಳಿತರೆ ನೆನಪು ಕೈಕೊಟ್ಟಿರುತ್ತದೆ. ಸಾಕ್ಷಿ ಮೊದಲೇ ಅಲ್ಲಿ ನಿಂತಿರಬೇಕು; ನಿಂತದ್ದರಿಂದ ಯಾರ ದಾರಿಗೂ ಅಡ್ಡವಾಗಬಾರದು. ಈ ಎರಡನ್ನೂ ಒಟ್ಟಿಗೆ ಸಾಧಿಸಲು ಹೊರಟವರ ಹೆಸರು ಹೆಚ್ಚು ಜನಕ್ಕೆ ಗೊತ್ತಿಲ್ಲ. ಮಧ್ಯರಾತ್ರಿ ಎಲ್ಲಿಯೋ ಒಂದು ಯಂತ್ರ ನಿಂತಾಗ, ಬೆಳಗಾಗುವುದರೊಳಗೆ ಅದು ಏಕೆ ನಿಂತಿತೆಂದು ಗೊತ್ತಾಗುವುದಾದರೆ, ಅದು ಅವರ ದೆಸೆಯಿಂದ.